ಮೀಟರಿನ ಸೊನ್ನೆ, ಬಿಲ್ಲೆಯ ಸೊನ್ನೆ

ಓದುಗರ ಪತ್ರ (ಸಂಗ್ರಹ): ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡನ್ನು ಕುಲುಮೆಯಲ್ಲಿ ಬೇಯಿಸಿ 12 ಮಿ.ಮೀ. ವ್ಯಾಸದ ಎರಡು ಬಿಲ್ಲೆ ಮಾಡಿದ್ದೆವು. ಮಲ್ಟಿಮೀಟರಿನ ಎರಡು ಕಡ್ಡಿ ಒತ್ತಿ ನೋಡಿದರೆ ಕೋಣೆಯ ತಾಪದಲ್ಲಿ 3.1 ಓಮ್, ದ್ರವ ಸಾರಜನಕದಲ್ಲಿ 2.4 ಓಮ್. ಸೊನ್ನೆ ಬರಲೇ ಇಲ್ಲ. ಆದರೂ ಪುಟ್ಟ ಕಾಂತವೊಂದು ಬಿಲ್ಲೆಯ ಮೇಲೆ ತೇಲಿತು, ಅದೂ ಅರ್ಧ ಭಾಗದ ಮೇಲೆ ಮಾತ್ರ. ಇನ್ನರ್ಧದ ಅಂಚು ಹಸಿರಾಗಿದೆ. ವರ್ಷದಿಂದ ಡಬ್ಬಿಯಲ್ಲಿದ್ದ ಎರಡನೆಯ ಬಿಲ್ಲೆಯಲ್ಲಿ ಏನೂ ಆಗಲಿಲ್ಲ. ನಮ್ಮದು ಅತಿವಾಹಕವೋ (ತಣಿದಾಗ ವಿದ್ಯುತ್ ರೋಧ ಪೂರ್ತಿ ಸೊನ್ನೆಯಾಗುವ ಪದಾರ್ಥವೋ) ಅಲ್ಲವೋ? ಕೋಣೆಯ ತಾಪದಲ್ಲೇ ಅತಿವಾಹಕ ಎಂದು ಸುದ್ದಿಯಾದ 2023ರ ಎಲ್‌ಕೆ-99ರಲ್ಲಿ ರೋಧವೂ ಬಿದ್ದಿತ್ತು, ಚೂರು ಕಾಂತದ ಮೇಲೆ ಎದ್ದೂ ನಿಂತಿತ್ತು. ಅದನ್ನೇ ಅಲ್ಲ ಎಂದವರು ನಮ್ಮದನ್ನು ಏನೆಂದಾರು?

ಸಂಪಾದಕರ ಉತ್ತರ:

ನಿಮ್ಮ ಮೊದಲ ಬಿಲ್ಲೆ ಬಹುಮಟ್ಟಿಗೆ ಅತಿವಾಹಕವೇ, ಅರ್ಧ ಭಾಗ ಮಾತ್ರ. ಎಲ್‌ಕೆ-99 ಅತಿವಾಹಕವಲ್ಲ. ಮೀಟರು ಸೊನ್ನೆ ತೋರಿಸದ ನಿಮ್ಮದು ಹೌದು, ರೋಧ ಬಿದ್ದ ಅದು ಅಲ್ಲ ಎಂದರೆ ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ನಿಮ್ಮ ಮೀಟರು ಬಿಲ್ಲೆಯನ್ನು ಅಳೆದೇ ಇಲ್ಲ.

ಆ 3.1 ಓಮ್‌ನಲ್ಲಿ ಬಿಲ್ಲೆಯ ಪಾಲು ಎಷ್ಟೆಂದು ಲೆಕ್ಕ ಹಾಕೋಣ. ಚೆನ್ನಾಗಿ ಬೆಂದ ಬಿಲ್ಲೆಯ ರೋಧಕತೆ (ಆಕಾರ ಯಾವುದಿದ್ದರೂ ಬದಲಾಗದ, ಪದಾರ್ಥದ್ದೇ ಆದ ಗುಣ) ಕೋಣೆಯ ತಾಪದಲ್ಲಿ ಒಂದು ಮಿಲಿಓಮ್-ಸೆಂಟಿಮೀಟರಿನ ಆಸುಪಾಸು. ಬಿಲ್ಲೆಯಿಂದ 2 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಪಟ್ಟಿ ಕೊಯ್ದು 6 ಮಿ.ಮೀ. ಅಂತರದಲ್ಲಿ ಅಳೆದರೆ ಸಿಗುವುದು ಬರೀ 15 ಮಿಲಿಓಮ್. ಇಡೀ ಬಿಲ್ಲೆಯ ಮೇಲೆ ಕಡ್ಡಿ ಒತ್ತಿದರೂ ಅದರ ಪಾಲು ಇದೇ ಅಂದಾಜಿನದು. ಉಳಿದ ಮೂರು ಓಮ್ ಮೀಟರಿನ ತಂತಿಗಳದ್ದು ಮತ್ತು ಕಡ್ಡಿಯ ತುದಿ ಬಿಲ್ಲೆಯನ್ನು ಮುಟ್ಟುವ ಜಾಗದ್ದು. ದ್ರವ ಸಾರಜನಕದಲ್ಲಿ ನಿಮಗೆ ಕಂಡ 0.7 ಓಮ್ ಇಳಿಕೆಯೂ ಆ ತಂತಿ ಮತ್ತು ಸಂಪರ್ಕಗಳದ್ದೇ. ಬಿಲ್ಲೆ ಪೂರ್ತಿ ಸೊನ್ನೆಗೆ ಇಳಿದರೂ ಮೀಟರಿನ ಕೊನೆಯ ಅಂಕಿ ಕದಲುವುದಿಲ್ಲ.

ಹಾಗಾಗಿ ನಾಲ್ಕು ತಂತಿ ಬೇಕು. ಹೊರಗಿನ ಎರಡರಿಂದ ಕರೆಂಟ್ ಹರಿಸಿ, ಒಳಗಿನ ಎರಡರಿಂದ ವೋಲ್ಟೇಜ್ ನೋಡುವುದು. ವೋಲ್ಟೇಜ್ ತಂತಿಗಳಲ್ಲಿ ಕರೆಂಟ್ ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಅವುಗಳ ರೋಧ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೇ ಮಲ್ಟಿಮೀಟರನ್ನು ಇಲ್ಲಿಗೂ ತಂದರೆ ಹಿಂದಿನದಕ್ಕಿಂತ ದೊಡ್ಡ ಮೋಸಕ್ಕೆ ಬೀಳುತ್ತೀರಿ. 10 ಮಿಲಿಆಂಪಿಯರ್ ಹರಿಸಿದರೆ ಮೇಲಿನ ಪಟ್ಟಿಯಲ್ಲಿ ಏಳುವುದು 150 ಮೈಕ್ರೋವೋಲ್ಟ್. ತಣಿಸುತ್ತಾ 95 ಕೆಲ್ವಿನ್‌ಗೆ ಬಂದಾಗ ಅದು ಐವತ್ತರ ಹತ್ತಿರ ಇಳಿದಿರುತ್ತದೆ. ಸಾಧಾರಣ ಮಲ್ಟಿಮೀಟರಿನ 200 ಮಿಲಿವೋಲ್ಟ್ ವ್ಯಾಪ್ತಿಯ ಅತಿ ಸಣ್ಣ ಹೆಜ್ಜೆ 100 ಮೈಕ್ರೋವೋಲ್ಟ್. ಅಂದರೆ 92 ಕೆಲ್ವಿನ್ ಸುತ್ತ ಅತಿವಾಹಕತೆ ಶುರುವಾಗುವ ಮೊದಲೇ ಮೀಟರು ನೆಮ್ಮದಿಯಾಗಿ 0.0 ತೋರಿಸುತ್ತದೆ! ಎರಡು ತಂತಿಯಲ್ಲಿ ಇದ್ದ ಸೊನ್ನೆ ಕಾಣಲಿಲ್ಲ, ನಾಲ್ಕು ತಂತಿಯಲ್ಲಿ ಇಲ್ಲದ ಸೊನ್ನೆ ಕಾಣುತ್ತದೆ. 0.1 ಮೈಕ್ರೋವೋಲ್ಟನ್ನಾದರೂ ಬಿಡಿಸಿ ತೋರಿಸುವ ಉಪಕರಣ ಬೇಕು. ಅದಿಲ್ಲದಿದ್ದರೆ ಕರೆಂಟನ್ನು 100 ಮಿಲಿಆಂಪಿಯರ್‌ಗೆ ಏರಿಸಬಹುದು, ಆದರೆ ಸಂಪರ್ಕವೊಂದರ ರೋಧ 5 ಓಮ್ ಇದ್ದರೆ ಅಲ್ಲಿ 50 ಮಿಲಿವಾಟ್ ಶಾಖ ಹುಟ್ಟುತ್ತದೆ. ದ್ರವದಲ್ಲಿ ಮುಳುಗಿದ್ದಾಗ ಇದು ನಡೆದೀತು. ಆವಿಯಲ್ಲಿ ಮಾದರಿ ತಾಪಮಾಪಕಕ್ಕಿಂತ ಬಿಸಿಯಾಗಿ ಕೂತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಹೆಚ್ಚು ಕೆಲಸ ಕೆಡುವುದು ಈ ಸಂಪರ್ಕಗಳಲ್ಲೇ. ಈ ಆಕ್ಸೈಡಿನ ಮೈ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡನ್ನು ಹಿಡಿದು ಬೇಗ ಕೆಡುತ್ತದೆ, ಮೇಲೆ ವಿದ್ಯುತ್ ಹರಿಯದ ತೆಳು ಪದರ ಕೂರುತ್ತದೆ. ನೀರು ಸೋಕಿಸದೆ ಒಣ ಉಪ್ಪುಕಾಗದದಿಂದ ಉಜ್ಜಿ, ಕೂಡಲೇ ಬೆಳ್ಳಿ ಪೇಸ್ಟಿನ ನಾಲ್ಕು ಗೆರೆ ಎಳೆಯಿರಿ. ಚುಕ್ಕಿ ಬೇಡ, ಪಟ್ಟಿಯ ಪೂರ್ತಿ ಅಗಲಕ್ಕೆ ಗೆರೆ ಬರಲಿ. ಬೆಂಕಿಗೆ ತಾಳುವ ಬೆಳ್ಳಿ ಪೇಸ್ಟ್ ಇದ್ದರೆ ಆಮ್ಲಜನಕದ ಹರಿವಿನಲ್ಲಿ ಕಾಯಿಸಿ ನಿಧಾನ ತಣಿಸಿ. ಸಂಪರ್ಕದ ರೋಧ ಗಣನೀಯವಾಗಿ ಇಳಿಯುತ್ತದೆ. ನೇರವಾಗಿ ಬೆಸುಗೆ ಹಾಕಲು ಹೋಗಬೇಡಿ, ಹಿಡಿಯುವುದಿಲ್ಲ.

ಇನ್ನು ತಾಪದ ವ್ಯತ್ಯಾಸದಿಂದಲೇ ಹುಟ್ಟುವ ವೋಲ್ಟೇಜ್. ತಂತಿಯ ಒಂದು ತುದಿ ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ, ಇನ್ನೊಂದು ಕೋಣೆಯಲ್ಲಿ. ನಡುವೆ ಎರಡು ಲೋಹ ಕೂಡಿದ ಕಡೆಯೆಲ್ಲ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ, ಕರೆಂಟ್ ಹರಿಸದಿದ್ದರೂ. ಉಪಾಯ ಸರಳ: ಪ್ರತಿ ತಾಪದಲ್ಲೂ ಕರೆಂಟನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹರಿಸಿ, ಎರಡು ಓದುಗಳ ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ಇದನ್ನು ಮಾಡದವರ ನಕ್ಷೆಯಲ್ಲಿ ರೋಧ ಸೊನ್ನೆಯ ಮೇಲೆ ಎಲ್ಲೋ ನಿಂತಿರುತ್ತದೆ, ಇಲ್ಲವೇ ಸೊನ್ನೆಯ ಕೆಳಗೆ ಇಳಿದಿರುತ್ತದೆ.

ತಾಪಮಾಪಕಕ್ಕೆ ಪ್ಲಾಟಿನಂ 100 ಸಾಕು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್ ಇರುವ ಅದು ದ್ರವ ಸಾರಜನಕದಲ್ಲಿ ಸುಮಾರು 20 ಓಮ್ ತೋರಿಸಬೇಕು. ಮಾದರಿಯನ್ನೂ ಅದನ್ನೂ ಒಂದೇ ತಾಮ್ರದ ತುಂಡಿಗೆ ಅಂಟಿಸಿ, ನಿಮಿಷಕ್ಕೆ ಒಂದು ಕೆಲ್ವಿನ್ ಮೀರದಂತೆ ತಣಿಸಿ. ತಣಿಸುವಾಗಿನ ಮತ್ತು ಬಿಸಿಯಾಗುವಾಗಿನ ಗೆರೆಗಳ ನಡುವೆ ಐದು ಕೆಲ್ವಿನ್ ಅಂತರ ಬಂದರೆ ಅದು ಹೊಸ ಭೌತಶಾಸ್ತ್ರವಲ್ಲ, ನಿಮ್ಮ ಅವಸರ.

ಇಷ್ಟೆಲ್ಲ ಮಾಡಿ 10 ನ್ಯಾನೋವೋಲ್ಟ್ ಮಟ್ಟಕ್ಕೆ ಇಳಿದಿರಿ ಅಂದುಕೊಳ್ಳೋಣ. 10 ಮಿಲಿಆಂಪಿಯರ್‌ಗೆ ಅದು ಒಂದು ಮೈಕ್ರೋಓಮ್. ಆ ಪಟ್ಟಿಯ ಅಳತೆಯಲ್ಲಿ ಇದರ ಅರ್ಥ, ರೋಧಕತೆ ಅದೇ ತಾಪದ ತಾಮ್ರಕ್ಕಿಂತ ಮೂರು ಪಟ್ಟು ಕಡಿಮೆ ಎಂದಷ್ಟೇ. ‘ಸೊನ್ನೆ’ ಎಂಬ ಮಾತಿನ ಭಾರ ಆಗ ತಿಳಿಯುತ್ತದೆ. ನಿಜವಾದ ಸೊನ್ನೆಯ ಹತ್ತಿರ ಹೋಗಬೇಕೆಂದರೆ ಅತಿವಾಹಕದ ಸುರುಳಿಯಲ್ಲಿ ಕರೆಂಟ್ ಸುತ್ತಲು ಬಿಟ್ಟು ಅದರ ಕಾಂತಕ್ಷೇತ್ರ ಕುಂದುತ್ತದೆಯೇ ಎಂದು ಕಾಯಬೇಕು. 1963ರಲ್ಲಿ ಫೈಲ್ ಮತ್ತು ಮಿಲ್ಸ್ ಹೀಗೆ ಅಳೆದು, ಆ ಕರೆಂಟ್ ಕರಗಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಬೇಕು ಎಂದು ಕಂಡರು.

ಸುಳ್ಳು ಸೊನ್ನೆ ಬರುವ ಇನ್ನೊಂದು ದಾರಿ ಬಿರುಕಿನದು. ಮಾದರಿಯಲ್ಲಿ ಬಿರುಕೋ ಬೇರೆ ಪದಾರ್ಥದ ಪಟ್ಟೆಯೋ ಇದ್ದರೆ ಕರೆಂಟ್ ಒಂದು ಬದಿಯಲ್ಲೇ ಹರಿದುಹೋಗಿ, ವೋಲ್ಟೇಜ್ ತಂತಿಗಳು ಕರೆಂಟೇ ಬಾರದ ಮೂಲೆಯಲ್ಲಿ ಕೂತಿರುತ್ತವೆ. ಅಲ್ಲಿ ವೋಲ್ಟೇಜ್ ಇಲ್ಲದ್ದರಲ್ಲಿ ಆಶ್ಚರ್ಯವಿಲ್ಲ. ಕರೆಂಟ್ ತಿರುಗಿಸಿ ಸರಾಸರಿ ತೆಗೆದ ಮೇಲೂ ರೋಧ ಋಣಾತ್ಮಕವಾಗಿ ಬಂದರೆ ಇದೇ ಕಾರಣವಿರುವ ಸಂಭವ ಹೆಚ್ಚು. ತಂತಿಗಳ ಜೋಡಿಗಳನ್ನು ಅದಲುಬದಲು ಮಾಡಿ ನೋಡಿ. ಯಾವ ಜೋಡಣೆಯಲ್ಲೂ, ಒಂದೇ ತಾಪದಲ್ಲಿ ಸೊನ್ನೆಯಾದರೆ ಮಾತ್ರ ನಂಬಬಹುದು. ಬಳಿಕ ಬಲವಾದ ಕಾಂತ ಹತ್ತಿರ ತನ್ನಿ: ಬಿಲ್ಲೆಯ ನಿಜವಾದ ಸೊನ್ನೆ ಕೆಳ ತಾಪಕ್ಕೆ ಸರಿಯಬೇಕು, ಬಿರುಕಿನ ಸೊನ್ನೆಗೆ ಕಾಂತದ ಹಂಗಿಲ್ಲ. (7 ಕೆಲ್ವಿನ್ ಹತ್ತಿರ ‘ಹೊಸ ಅತಿವಾಹಕ’ ಸಿಕ್ಕಿತು ಎನ್ನುವವರು ಮೊದಲು ತಮ್ಮ ಬೆಸುಗೆಯಲ್ಲಿ ಸೀಸವಿದೆಯೇ ನೋಡಿಕೊಳ್ಳಲಿ. ಸೀಸ 7.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ.)

ಎಲ್‌ಕೆ-99ರ ಕತೆ ಇಲ್ಲಿ ಹೊಂದುತ್ತದೆ. ಅದು ತಾಮ್ರ ಬೆರೆಸಿದ ಸೀಸದ ಅಪಟೈಟ್ (ಒಂದು ಬಗೆಯ ಫಾಸ್ಫೇಟ್ ಹರಳು). ತಯಾರಿಸುವಾಗ ಜೊತೆಗೆ ತಾಮ್ರದ ಸಲ್ಫೈಡ್ ಉಳಿಯುತ್ತಿತ್ತು. ಈ ಸಲ್ಫೈಡ್ ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಹರಳಿನ ಕಟ್ಟಡವನ್ನೇ ಬದಲಿಸುತ್ತದೆ, ಆಗ ರೋಧ ಸಾವಿರ ಪಟ್ಟಿಗೂ ಮಿಗಿಲಾಗಿ ಧಡಕ್ಕನೆ ಬೀಳುತ್ತದೆ. ಬೀಳುವುದು ಬೇರೆ, ಸೊನ್ನೆಯಾಗುವುದು ಬೇರೆ. ಸ್ಟಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಸಲ್ಫೈಡ್ ಬೆರೆಯದ ಶುದ್ಧ ಹರಳು ಬೆಳೆಸಿದಾಗ ಸಿಕ್ಕಿದ್ದು ನೇರಳೆ ಬಣ್ಣದ ಪಾರದರ್ಶಕ ಅವಾಹಕ, ರೋಧ ದಶಲಕ್ಷಗಟ್ಟಲೆ ಓಮ್. ಇನ್ನು ಎದ್ದು ನಿಂತ ಚೂರು: ಅದರ ಒಂದು ತುದಿ ಕಾಂತವನ್ನು ಬಿಡದೆ ತಾಗಿಕೊಂಡೇ ಇತ್ತು. ಕಬ್ಬಿಣದ ಪುಡಿ ಕಾಂತದ ಮೇಲೆ ನೆಟ್ಟಗೆ ನಿಲ್ಲುವಂತೆ ಸೌಮ್ಯ ಫೆರೋಕಾಂತದ ಚೂರೂ ನಿಲ್ಲುತ್ತದೆ. ಪೂರ್ತಿ ತೇಲಿದರೂ ಅದಷ್ಟೇ ಸಾಲದು. ಪೈರೋಲಿಟಿಕ್ ಗ್ರಾಫೈಟಿನ ತೆಳು ಹಾಳೆ ಕೋಣೆಯ ತಾಪದಲ್ಲೇ ಕಾಂತಗಳ ಮೇಲೆ ತೇಲುತ್ತದೆ, ಅದು ಅತಿವಾಹಕವಲ್ಲ.

ನಿಮ್ಮ ಕಾಂತದ ವಿಷಯಕ್ಕೆ ಬಂದರೆ, ಪತ್ರದಲ್ಲಿ ಮುಖ್ಯ ವಿವರವೊಂದು ಬಿಟ್ಟುಹೋಗಿದೆ: ಕಾಂತವನ್ನು ಇಟ್ಟದ್ದು ಬಿಲ್ಲೆ ತಣ್ಣಗಾಗುವ ಮೊದಲೋ, ಆಮೇಲೋ? ಆಮೇಲೆ ಇಟ್ಟು ತೇಲಿದರೆ, ರೋಧವಷ್ಟೇ ಇಲ್ಲದ ಲೋಹವೊಂದು ಇದ್ದರೆ ಅದೂ ಇದನ್ನು ಮಾಡಬಲ್ಲದು. ಹತ್ತಿರ ಬರುವ ಕ್ಷೇತ್ರವನ್ನು ಅದರಲ್ಲಿ ಹುಟ್ಟುವ ಕರೆಂಟ್ ತಡೆಯುತ್ತದೆ. ಮೊದಲೇ ಬಿಲ್ಲೆಯ ಮೇಲಿಟ್ಟು ಸಾರಜನಕ ಸುರಿಯಿರಿ. ಕುದಿತ ಇಳಿದು ಬಿಲ್ಲೆ ತಣಿಯುತ್ತಿದ್ದಂತೆ ಕಾಂತ ತಾನಾಗಿ ಮೇಲೆದ್ದರೆ, ಒಳಗಿದ್ದ ಕ್ಷೇತ್ರವನ್ನು ಬಿಲ್ಲೆ ಹೊರದಬ್ಬಿತು ಎಂದಾಯಿತು. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡದ್ದು ಇದೇ. ಸಾರಜನಕ ಆರಿದ ಮೇಲೆ ಕಾಂತ ಯಾವಾಗ ಕೆಳಗೆ ಕೂರುತ್ತದೆ ಎಂದು ಬಿಲ್ಲೆಗೆ ಅಂಟಿಸಿದ ತಾಪಮಾಪಕದಲ್ಲಿ ಓದಿ. 90 ಕೆಲ್ವಿನ್ ಆಸುಪಾಸು ಬರಬೇಕು, ನಾಲ್ಕು ತಂತಿಯ ಸೊನ್ನೆಯೂ ಅಲ್ಲಿಗೇ ಹತ್ತಿರ ಇರಬೇಕು. ಒಂದೇ ತುಂಡು ಈ ಎರಡನ್ನೂ ಒಂದೇ ತಾಪದಲ್ಲಿ ತೋರಿಸಿದರೆ ವಾದ ಮುಗಿಯಿತು.

ಅತಿ ಸಣ್ಣ ಕಾಂತಕ್ಷೇತ್ರವನ್ನೂ ಅಳೆಯುವ ಪ್ರಯೋಗಾಲಯದ ಸ್ಕ್ವಿಡ್ ಮಾಪಕ ಸಿಕ್ಕರೆ ಇದನ್ನೇ ಅಂಕಿಯಲ್ಲಿ ನೋಡಬಹುದು: ಕ್ಷೇತ್ರವಿಲ್ಲದೆ ತಣಿಸಿ ಒಮ್ಮೆ, ಕ್ಷೇತ್ರದಲ್ಲೇ ತಣಿಸಿ ಒಮ್ಮೆ. ಎರಡನೆಯದರ ಸಂಕೇತ ಸಣ್ಣದಿದ್ದರೆ ಗಾಬರಿ ಬೇಡ, ಕ್ಷೇತ್ರದ ಎಳೆಗಳು ಕಣಗಳ ದೋಷಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಹಾಗಾಗುತ್ತದೆ. ಮಾದರಿಯ ಆಕಾರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗೋಲಾಕಾರದ ಪೂರ್ಣ ಅತಿವಾಹಕಕ್ಕೆ ಕಾಂತಗ್ರಾಹ್ಯತೆ (ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) −1ರ ಬದಲು −1.5 ಬರುತ್ತದೆ. ಅದನ್ನು ‘150 ಪ್ರತಿಶತ ಅತಿವಾಹಕ’ ಎಂದು ಬರೆದವರಾಗಬೇಡಿ. ಮಾದರಿಯನ್ನು ಉಕ್ಕಿನ ಚಿಮಟದಲ್ಲಿ ಮುಟ್ಟಬೇಡಿ, ಪ್ಲಾಸ್ಟಿಕ್‌ನದು ಬಳಸಿ. 50 ಕೆಲ್ವಿನ್ ಸುತ್ತ ಸಣ್ಣದೊಂದು ಗುಡ್ಡ ಕಂಡರೆ ಅದು ಮಾದರಿಯದ್ದಲ್ಲದಿರಬಹುದು. ಒಳಗೆ ನುಸುಳಿದ ಗಾಳಿಯ ಆಮ್ಲಜನಕ 54 ಕೆಲ್ವಿನ್‌ನಲ್ಲಿ ಗಟ್ಟಿಯಾಗಿ, 44ರ ಹತ್ತಿರ ರೂಪ ಬದಲಿಸುತ್ತದೆ, ಮತ್ತು ಅದಕ್ಕೆ ತನ್ನದೇ ಕಾಂತಗುಣವಿದೆ.

ಹಸಿರು ಅಂಚು ಕುಲುಮೆಯ ದೂರು. ಗಾಳಿಯಲ್ಲಿ ಸುಮಾರು 1,010 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಕಪ್ಪು ಪದಾರ್ಥ ಒಡೆದು, ಹಸಿರು ಬಣ್ಣದ ಇಟ್ರಿಯಂ ಹೆಚ್ಚಿರುವ ಆಕ್ಸೈಡೂ ಒಂದು ದ್ರವವೂ ಆಗುತ್ತದೆ. ಹಸಿರು ಆಕ್ಸೈಡ್ ಅವಾಹಕ. ಕುಲುಮೆಯ ತಾಪಮಾಪಕ 950 ತೋರಿಸುತ್ತಿದ್ದರೂ ಬಿಲ್ಲೆಯ ಒಂದು ಬದಿ ಕಾವಿನ ಸುರುಳಿಗೆ ಹತ್ತಿರವಿದ್ದರೆ ಇಷ್ಟಾಗುತ್ತದೆ. ಅರೆದದ್ದು ಸಾಲದೆ ಪುಡಿ ಅರೆಬರೆ ಕೂಡಿದ್ದರೂ ಹಸಿರು ಉಳಿಯುತ್ತದೆ, ಆದರೆ ಆಗ ಅದು ಅಂಚಿನಲ್ಲಷ್ಟೇ ಅಲ್ಲ, ಎಲ್ಲೆಡೆ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ.

ಎರಡನೆಯ ಬಿಲ್ಲೆಯನ್ನು ಮುರಿದು ನೋಡಿ. ಮೇಲೆ ಬಿಳಿ ಪುಡಿ, ಒಳಗೆ ಕಪ್ಪು ಇದ್ದರೆ ಡಬ್ಬಿಯ ತೇವ ತಿಂದಿದೆ. ಒಳಗೂ ಕಪ್ಪಿದ್ದು, ಒಳಭಾಗದ ಮೇಲೂ ಕಾಂತ ತೇಲದಿದ್ದರೆ ಆಮ್ಲಜನಕದ ಕೊರತೆ ಇರಬಹುದು. ರಾಸಾಯನಿಕ ಸೂತ್ರದಲ್ಲಿ ಒಂದು ಇಟ್ರಿಯಂ ಪರಮಾಣುವಿಗೆ ಆಮ್ಲಜನಕ 6.9ಕ್ಕೆ ಹತ್ತಿರವಿದ್ದಾಗ 92 ಕೆಲ್ವಿನ್ ಸಿಗುತ್ತದೆ. 6.4ಕ್ಕಿಂತ ಕೆಳಗೆ ಅದೇ ಪದಾರ್ಥ ತಾಮ್ರದ ಕಾಂತಗಳು ಒಂದಕ್ಕೊಂದು ತಿರುಗಿ ನಿಂತ ಅವಾಹಕ. ಕುಲುಮೆಯಿಂದ ಬಿಸಿಯಾಗಿರುವಾಗಲೇ ತೆಗೆದುಬಿಟ್ಟರೆ ಆಗುವುದು ಇದೇ. ಇದಕ್ಕೆ ಆಮ್ಲಜನಕದ ಹರಿವಿನಲ್ಲಿ 450 ಡಿಗ್ರಿಯಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಇಟ್ಟು, ನಿಧಾನವಾಗಿ ತಣಿಸಿ.

ಹೊಸದಾಗಿಯೇ ಮಾಡುವುದಾದರೆ ಇಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947 ಗ್ರಾಂ, ತಾಮ್ರದ ಆಕ್ಸೈಡ್ 2.386 ಗ್ರಾಂ. ತೂಗುವ ಮೊದಲು ಇಟ್ರಿಯಂ ಆಕ್ಸೈಡನ್ನು ಕಾಯಿಸಿ ಒಣಗಿಸಿ, ತೇವ ಹಿಡಿದಿದ್ದರೆ ಲೆಕ್ಕ ತಪ್ಪುತ್ತದೆ. ಬೇರಿಯಂ ಕಾರ್ಬೊನೇಟ್ ವಿಷ, ಕೈಗವಸು ಮತ್ತು ಮುಖಗವಸು ಇರಲಿ. 920 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ, ಅರೆದು, ಮತ್ತೆ ಬೇಯಿಸಿ ಎಂಬುದನ್ನು ಎರಡು ಮೂರು ಸಲ ಮಾಡಿದ ಮೇಲೆಯೇ ಬಿಲ್ಲೆ ಒತ್ತಿ. ಇಂಗಾಲದ ಡೈಆಕ್ಸೈಡ್ ಪೂರ್ತಿ ಹೋದರೆ ಕೈಗೆ ಸಿಗಬೇಕಾದದ್ದು 6.66 ಗ್ರಾಂ. ಖಲಕ್ಕೆ ಅಂಟಿದ್ದನ್ನು ಬಿಟ್ಟೂ ತೂಕ ಅದಕ್ಕಿಂತ ಹೆಚ್ಚಿದ್ದರೆ ಕಾರ್ಬೊನೇಟ್ ಇನ್ನೂ ಒಳಗೇ ಇದೆ, ಬಿಲ್ಲೆ ಒತ್ತುವ ಮೊದಲು ಇನ್ನೊಮ್ಮೆ ಅರೆದು ಕುಲುಮೆಗಿಡಿ.

— ಸಂ.