ಹಳೆಯ ಕಪಾಟು, ಹೊಸ ಸ್ಪೀಕರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ಬಳಕೆಯಿಲ್ಲದೆ ಉಳಿದಿರುವ ಮರದ ಚಿಕ್ಕ ಕಪಾಟೊಂದಿದೆ. ಅದರ ಹೊರ ಅಳತೆ 60 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ ಮತ್ತು 30 ಸೆಂ.ಮೀ. ಆಳ. ಪಕ್ಕದ ಹಲಗೆಗಳು 18 ಮಿ.ಮೀ. ದಪ್ಪದ ಪ್ಲೈವುಡ್, ಹಿಂಬದಿಗೆ ಮಾತ್ರ ತೆಳುವಾದ ಹಾರ್ಡ್‌ಬೋರ್ಡ್ ಹೊಡೆದಿದ್ದಾರೆ. ಆರೂವರೆ ಇಂಚಿನ ಎರಡು ಹಳೆಯ ಸ್ಪೀಕರ್ ಡ್ರೈವರ್‌ಗಳೂ ನನ್ನಲ್ಲಿವೆ. ಇವುಗಳನ್ನು ಬಳಸಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸ್ಪೀಕರ್ ಮಾಡಿಕೊಳ್ಳುವ ಆಸೆಯಿದೆ. ಪೆಟ್ಟಿಗೆ ದೊಡ್ಡದಾದಷ್ಟೂ ಬಾಸ್ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಸ್ನೇಹಿತರ ಮಾತು ಅರ್ಧ ಮಾತ್ರ ನಿಜ, ಮತ್ತು ಕಪಾಟನ್ನು ಸ್ಪೀಕರ್ ಮಾಡಹೊರಟವರಲ್ಲಿ ಹೆಚ್ಚಿನವರು ನಿರಾಶರಾಗುವುದು ಆ ಅರ್ಧವನ್ನು ಪೂರ್ತಿಯೆಂದು ನಂಬುವುದರಿಂದ. ಡ್ರೈವರ್ ಎಂದರೆ ಪೆಟ್ಟಿಗೆಯಿಲ್ಲದ ಬಿಡಿ ಸ್ಪೀಕರ್; ಅದರ ಕೋನ್, ಅಂದರೆ ಕಂಪಿಸಿ ಸದ್ದು ಹೊರಡಿಸುವ ಶಂಕುವಿನಾಕಾರದ ಹಾಳೆ, ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿಯ ಒತ್ತಡ ಇಳಿಯುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಕೆಳಸ್ವರಗಳಲ್ಲಿ ಈ ಎರಡೂ ಅಲೆಗಳು ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಬಿಡಿ ಡ್ರೈವರ್ ಅನ್ನು ಕೈಯಲ್ಲಿ ಹಿಡಿದು ಹಾಡು ಕೇಳಿದರೆ ಬಾಸ್ ಇಲ್ಲವೇ ಇಲ್ಲವೆನ್ನಿಸುವುದು ಇದೇ ಕಾರಣಕ್ಕೆ. ಹಿಂಬದಿಯ ಅಲೆಯನ್ನು ಬಂಧಿಸುವುದು ಪೆಟ್ಟಿಗೆಯ ಮೊದಲ ಕೆಲಸ. ಎರಡನೆಯ ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ: ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗ್ ಆಗಿ ಕೋನನ್ನು ಹಿಂದಕ್ಕೆ ತಳ್ಳುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಸ್ಪ್ರಿಂಗ್ ಬಿಗಿಯಾಗುತ್ತದೆ, ಡ್ರೈವರಿನ ಅನುರಣನದ ಆವರ್ತನ, ಅಂದರೆ ಕೋನ್ ತಾನಾಗಿ ಕಂಪಿಸಬಯಸುವ ವೇಗ, ಮೇಲೇರುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ಉಪಯೋಗಕ್ಕೆ ತಂದುಕೊಂಡು, ಕಪಾಟಿನಲ್ಲಿ ಇಡಬಹುದಾದಷ್ಟು ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬಾಸ್ ಹೊರಡಿಸಿ ತೋರಿಸಿದರು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ, ಅನಂತರ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ವಿಸ್ತರಿಸಿದ ಲೆಕ್ಕಾಚಾರದ ಫಲವಾಗಿ ಇಂದು ಯಾವ ಡ್ರೈವರಿಗೆ ಎಷ್ಟು ಲೀಟರ್ ಗಾಳಿ ಬೇಕೆಂಬುದನ್ನು ಗರಗಸ ಹಿಡಿಯುವ ಮೊದಲೇ ತಿಳಿಯಬಹುದು.

ಆದ್ದರಿಂದ ಆರಂಭ ಕಪಾಟಿನಿಂದಲ್ಲ, ಡ್ರೈವರಿನಿಂದ. ಅದರ ವಿವರಪತ್ರದಲ್ಲಿ ಮೂರು ಅಂಕಿಗಳನ್ನು ಹುಡುಕಿ: ಅನುರಣನದ ಆವರ್ತನವಾದ ಎಫ್‌ಎಸ್, ಕೋನಿನ ಅಲುಗಾಟಕ್ಕೆ ಎಷ್ಟು ಕಡಿವಾಣವಿದೆ ಎಂಬುದನ್ನು ತಿಳಿಸುವ ಕ್ಯೂಟಿಎಸ್, ಮತ್ತು ಕೋನನ್ನು ಚೌಕಟ್ಟಿಗೆ ಹಿಡಿದಿಡುವ ತೂಗುಪಟ್ಟಿಯಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣವನ್ನು ಲೀಟರಿನಲ್ಲಿ ಹೇಳುವ ವಿಎಎಸ್. ಮುಚ್ಚಿದ ಪೆಟ್ಟಿಗೆಗೆ ಲೆಕ್ಕ ಹೀಗಿದೆ: 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ, ಅದರಿಂದ 1 ಕಳೆದು, ಉಳಿದ ಸಂಖ್ಯೆಯಿಂದ ವಿಎಎಸ್ ಅನ್ನು ಭಾಗಿಸಿದರೆ ಬೇಕಾದ ಲೀಟರ್ ಸಿಗುತ್ತದೆ. ಒಂದು ಡ್ರೈವರಿನ ಎಫ್‌ಎಸ್ 45 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 20 ಲೀಟರ್ ಎಂದಿಟ್ಟುಕೊಳ್ಳೋಣ. ಉತ್ತರ ಸುಮಾರು 9.4 ಲೀಟರ್, ಆ ಪೆಟ್ಟಿಗೆಯಲ್ಲಿ ಬಾಸ್ 80 ಹರ್ಟ್ಸ್ ಹತ್ತಿರದಿಂದ ಇಳಿಯತೊಡಗುತ್ತದೆ.

ಈಗ ನಿಮ್ಮ ಕಪಾಟನ್ನು ಅಳೆಯೋಣ. ಹೊರಗಿನಿಂದ ಅದು 72 ಲೀಟರ್. ಆರೂ ಬದಿಯ 18 ಮಿ.ಮೀ. ಹಲಗೆಯನ್ನು (ಹಿಂಬದಿಗೂ ಅದೇ ದಪ್ಪದ ಹಲಗೆ ಹಾಕಬೇಕಾಗುತ್ತದೆ) ಕಳೆದರೆ ಒಳಗೆ ಸಿಗುವುದು 54 ಲೀಟರ್. ಮೇಲಿನ ಡ್ರೈವರಿಗೆ ಬೇಕಾದುದಕ್ಕಿಂತ ಇದು ಐದೂವರೆ ಪಟ್ಟಿಗೂ ಹೆಚ್ಚು. ಇಷ್ಟೆಲ್ಲ ಗಾಳಿ ಕೊಟ್ಟರೆ ದೊರೆಯುವ ಲಾಭವೇನು? 53 ಹರ್ಟ್ಸ್‌ನಲ್ಲಿ ಸರಿಸುಮಾರು ಒಂದು ಡೆಸಿಬೆಲ್ ಮಾತ್ರ. 80 ಹರ್ಟ್ಸ್‌ನಲ್ಲಿ ದೊಡ್ಡ ಪೆಟ್ಟಿಗೆಯೇ ಅರ್ಧ ಡೆಸಿಬೆಲ್‌ಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ಅದರ ಜೊತೆಗೆ ಗಾಳಿಯ ಸ್ಪ್ರಿಂಗ್ ಸಡಿಲಾಗಿರುವುದರಿಂದ ಕೋನ್ ಕೆಳಸ್ವರಗಳಲ್ಲಿ ಹೆಚ್ಚು ದೂರ ಓಡಾಡಿ, ಶಬ್ದ ಜೋರಾದಾಗ ಬೇಗನೆ ಒಡಕು ದನಿ ಹೊರಡಿಸುತ್ತದೆ. ಕಪಾಟು ಇಷ್ಟು ದೊಡ್ಡದಿದೆಯಲ್ಲ ಎಂದು ಅದನ್ನು ಪೂರ್ತಿ ಬಳಸುವ ಹಂಬಲವನ್ನು ಬಿಡುವುದೇ ನನ್ನ ದೃಷ್ಟಿಯಲ್ಲಿ ಈ ಕೆಲಸದ ಅತ್ಯಂತ ಅಗ್ಗದ ಸುಧಾರಣೆ. ಮೇಲ್ಭಾಗದಲ್ಲಿ ಸುಮಾರು 23 ಸೆಂ.ಮೀ. ಎತ್ತರ ಬಿಟ್ಟು ಒಂದು ಅಡ್ಡ ಹಲಗೆಯನ್ನೂ, ಆ ಭಾಗವನ್ನು ಸರಿಯಾಗಿ ಎರಡಾಗಿಸುವ ಒಂದು ನಿಂತ ಹಲಗೆಯನ್ನೂ ಕೂರಿಸಿದರೆ ತಲಾ ಹತ್ತು ಲೀಟರಿಗೆ ತುಸು ಮೇಲ್ಪಟ್ಟ ಎರಡು ಕೋಣೆಗಳಾಗುತ್ತವೆ. ಹೆಚ್ಚುವರಿ ಸುಮಾರು ಒಂದು ಲೀಟರ್ ಡ್ರೈವರಿನ ಹಿಂಭಾಗಕ್ಕೂ ಒಳಗಿನ ಆಸರೆ ಪಟ್ಟಿಗೂ ಹೋಗುತ್ತದೆ. ಪ್ರತಿ ಕೋಣೆಯ ಒಳ ಅಗಲ 17 ಸೆಂ.ಮೀ. ಚಿಲ್ಲರೆ ಇರುವುದರಿಂದ ನಿಮ್ಮ ಡ್ರೈವರಿನ ಚೌಕಟ್ಟನ್ನು ಮೊದಲೇ ಅಳೆದು ನೋಡಿ. ಕೆಳಗಿನ ಭಾಗ ಆಂಪ್ಲಿಫೈಯರ್ ಇಡಲು ಉಳಿಯುತ್ತದೆ.

ಹಳೆಯ ಡ್ರೈವರಿಗೆ ವಿವರಪತ್ರ ಸಿಗದಿರುವುದು ಸಾಮಾನ್ಯ. ಆಗ ಅಡ್ಡ ಹಲಗೆಯನ್ನು ಅಂಟಿಸದೆ, ಅಂಚಿಗೆ ಫೋಮ್ ಪಟ್ಟಿ ಹಚ್ಚಿ ಸ್ಕ್ರೂಗಳಿಂದ ಮಾತ್ರ ಬಿಗಿದು, ಎರಡು ಮೂರು ಎತ್ತರಗಳಲ್ಲಿ ಇಟ್ಟು ಕೇಳಿ. ಬಾಸ್ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿದ್ದರೆ ಕೋಣೆ ಚಿಕ್ಕದಾಯಿತೆಂದು ತಿಳಿಯಿರಿ. ಆದರೆ ಅದಕ್ಕೂ ಮೊದಲು ಆ ಡ್ರೈವರ್ ಬದುಕಿದೆಯೇ ಎಂದು ನೋಡಬೇಕು. ಮಲ್ಟಿಮೀಟರಿನಲ್ಲಿ ಅಳೆದಾಗ 8 ಓಮ್ ಡ್ರೈವರ್ ಸುಮಾರು 6 ಓಮ್, 4 ಓಮ್ ಡ್ರೈವರ್ 3ಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಕಡಿದಿದೆ. ಕೋನಿನ ನಡುಭಾಗದ ಸುತ್ತ ಬೆರಳುಗಳನ್ನಿಟ್ಟು ಎಲ್ಲ ಕಡೆಯೂ ಸಮನಾಗಿ ಮೆಲ್ಲಗೆ ಒತ್ತಿದಾಗ ಕೆರೆಯುವ ಸದ್ದು ಬಂದರೆ ಅದನ್ನು ಕೈಬಿಡಿ. ಕೋನಿನ ಅಂಚಿನ ಫೋಮ್ ಪುಡಿಯಾಗಿದ್ದರೆ ಹೊಸ ಫೋಮ್ ಬಳೆಯನ್ನು ಅಂಟಿಸಬಹುದು, ಆದರೆ ಅದು ತಾಳ್ಮೆಯ ಕೆಲಸ. ಹೊಸದಾಗಿ ಕೊಳ್ಳುವುದಾದರೆ, ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ವಿವರಪತ್ರ ಪೂರ್ತಿಯಾಗಿ ಸಿಗುವ ಒಂದು ಜೊತೆ ಫುಲ್‌ರೇಂಜ್ ಡ್ರೈವರಿಗೆ, ಅಂದರೆ ಕೆಳಸ್ವರ ಮೇಲುಸ್ವರಗಳೆರಡನ್ನೂ ಒಂದೇ ನುಡಿಸುವ ಡ್ರೈವರಿಗೆ, ಇಡಿ. ಮೇಲುಸ್ವರಗಳಿಗೆಂದೇ ಇರುವ ಚಿಕ್ಕ ಡ್ರೈವರ್, ಅಂದರೆ ಟ್ವೀಟರ್, ಬೇಕೇಬೇಕೆನ್ನಿಸಿದರೆ ಅದರ ಸಾಲಿನಲ್ಲಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದಾಗ 8 ಓಮ್ ಟ್ವೀಟರಿಗೆ ಸುಮಾರು 4,200 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕ್ರಮೇಣ ತಗ್ಗುತ್ತವೆ. ಆ ಕೆಪಾಸಿಟರ್ ಧ್ರುವಭೇದವಿಲ್ಲದ (ನಾನ್-ಪೋಲಾರ್) ಬಗೆಯದಾಗಿರಬೇಕು.

ಇನ್ನು ಮರಗೆಲಸ. ಮಡಕೆ ಕೊಳ್ಳುವವರು ತಟ್ಟಿ ನೋಡುವಂತೆ ಪ್ರತಿಯೊಂದು ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಮೊಂಡು ಸದ್ದು ಬಂದರೆ ಒಳ್ಳೆಯದು, ಡೋಲಿನ ಸದ್ದು ಬಂದ ಕಡೆ ಮುಂಭಾಗದಿಂದ ಹಿಂಭಾಗಕ್ಕೆ ಒಂದು ಆಸರೆ ಪಟ್ಟಿಯನ್ನು ನಡುಮಧ್ಯಕ್ಕಲ್ಲದೆ ತುಸು ಬದಿಗೆ ಅಂಟಿಸಿ. ಗೆದ್ದಲು ತಿಂದ ಹಲಗೆಯನ್ನು ಉಳಿಸಿಕೊಳ್ಳಬೇಡಿ. ಹಾರ್ಡ್‌ಬೋರ್ಡಿನ ಬೆನ್ನನ್ನು ಕಿತ್ತು 18 ಮಿ.ಮೀ. ಪ್ಲೈವುಡ್ ಹಾಕುವುದು ಅನಿವಾರ್ಯ, ಏಕೆಂದರೆ ಆ ತೆಳುಹಾಳೆ ತಾನೇ ಕಂಪಿಸಿ ಡ್ರೈವರಿಗಿಂತ ಮುಂಚೆ ಹಾಡತೊಡಗುತ್ತದೆ. ತಿರುಗಣೆಯ ಮೇಲೆ ತೆರೆಯುವ ಬಾಗಿಲಿನಲ್ಲಿ ಡ್ರೈವರ್ ಕೂರಿಸಬಾರದು. ಬಾಗಿಲನ್ನು ಕಳಚಿ, ಹಲಗೆ ದಪ್ಪವಾಗಿದ್ದರೆ ಅದನ್ನೇ ಸುತ್ತಲೂ ಸ್ಕ್ರೂ ಹಾಕಿ ಶಾಶ್ವತ ಮುಂಭಾಗವಾಗಿಸಬಹುದು. ತೂತು ಕೊರೆಯುವಾಗ ಚೌಕಟ್ಟಿನ ಹೊರ ಅಳತೆಯನ್ನಲ್ಲ, ಒಳಗೆ ಇಳಿಯುವ ಭಾಗದ ಅಳತೆಯನ್ನು ಹಿಡಿಯಿರಿ, ಮತ್ತು ಡ್ರೈವರನ್ನು ಮನೆಯ ಬೇರೊಂದು ಕೋಣೆಯಲ್ಲಿಡಿ: ಅದರ ಅಯಸ್ಕಾಂತ ಕಬ್ಬಿಣದ ಪುಡಿಯನ್ನು ಎಳೆದುಕೊಂಡರೆ ಬಿಡಿಸುವುದು ಕಷ್ಟ. ಕಪಾಟಿನ ಬಣ್ಣ ಬಹಳ ಹಳೆಯದಾಗಿದ್ದರೆ ಅದರಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಿ, ಮುಖಕ್ಕೆ ಮಾಸ್ಕ್ ಧರಿಸಿ.

ಸಂದುಗಳ ವಿಷಯದಲ್ಲಿ ಜಿಪುಣತನ ಬೇಡ. ಕೂದಲೆಳೆಯಷ್ಟು ಬಿರುಕಿನಿಂದಲೂ ಗಾಳಿ ಸಿಳ್ಳೆ ಹಾಕುತ್ತದೆ. ಮರದ ಅಂಟಿಗೆ ಗರಗಸದ ಪುಡಿ ಕಲಸಿ ಒಳಗಿನ ಎಲ್ಲ ಮೂಲೆಗಳಿಗೂ ತುಂಬಿ, ಡ್ರೈವರಿನ ಚೌಕಟ್ಟಿನಡಿಗೆ ಫೋಮ್ ಪಟ್ಟಿ ಹಾಕಿ. ಸಿಲಿಕೋನ್ ಬಳಸಿದರೆ, ವಿನೆಗರ್ ವಾಸನೆ ಬರುವ ಬಗೆಯದು ಪೂರ್ತಿ ಒಣಗುವವರೆಗೆ ಡ್ರೈವರ್ ಕೂರಿಸಬೇಡಿ. ಆ ಹಬೆ ಲೋಹಕ್ಕೆ ಒಳ್ಳೆಯದಲ್ಲ. ಒಳಗೋಡೆಗಳಿಗೆ ಪಾಲಿಯೆಸ್ಟರ್ ಹತ್ತಿಯನ್ನು, ಕೋನಿಗೆ ತಾಗದಂತೆ, ಹೊದಿಸಿ. ಎಲ್ಲವೂ ಮುಗಿದ ಮೇಲೆ ಕೋನನ್ನು ಮೆಲ್ಲಗೆ ಒತ್ತಿ ಬಿಡಿ: ಅದು ತುಸು ನಿಧಾನವಾಗಿ ಹಿಂದಿರುಗಿದರೆ ಪೆಟ್ಟಿಗೆ ಬಿಗಿಯಾಗಿದೆ, ಥಟ್ಟನೆ ಮರಳಿದರೆ ಎಲ್ಲೋ ಸೋರುತ್ತಿದೆ. ಬಳಿಕ ಮೊಬೈಲಿನಿಂದ 30ರಿಂದ 300 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ಸಣ್ಣ ದನಿಯಲ್ಲಿ ನುಡಿಸಿ, ಅಂಗೈಯಿಂದ ಹಲಗೆಗಳನ್ನು ಮುಟ್ಟುತ್ತ ಹೋದರೆ ಗಡಗಡಿಸುವ ಜಾಗ ತಾನಾಗಿ ತಿಳಿಯುತ್ತದೆ. ಮೆರುಗು ಮತ್ತು ಬಣ್ಣ ಇದೆಲ್ಲದರ ನಂತರ, ಹಣ ಮಿಕ್ಕಿದರೆ.

ಪ್ರಶ್ನೆ: ಒಂದೇ ಕಪಾಟಿನಲ್ಲಿ ಎಡ ಮತ್ತು ಬಲ ಎರಡೂ ಸ್ಪೀಕರ್ ಇಟ್ಟರೆ ಸ್ಟೀರಿಯೋ ಅನುಭವ ಸಿಗುತ್ತದೆಯೇ? ನಡುವಿನ ಹಲಗೆ ಬೇಕೇಬೇಕೇ?

ಉತ್ತರ: ಹಲಗೆ ಬೇಕು. ಇಲ್ಲದಿದ್ದರೆ ಒಂದು ಕೋನಿನ ಒತ್ತಡ ಇನ್ನೊಂದನ್ನು ತಳ್ಳುತ್ತದೆ. ಆದರೆ ಹಲಗೆಯಿದ್ದರೂ ಎರಡು ಡ್ರೈವರ್‌ಗಳ ನಡುವೆ ಒಂದು ಗೇಣಿನಷ್ಟೇ ಅಂತರವಿರುವಾಗ, ಕೋಣೆಯ ಆಚೆ ಬದಿಯಲ್ಲಿ ಕುಳಿತವರಿಗೆ ಎಡಬಲದ ವ್ಯತ್ಯಾಸ ಅಷ್ಟಾಗಿ ತಿಳಿಯದು. ಸ್ಟೀರಿಯೋ ಮುಖ್ಯವೆನಿಸಿದರೆ ಕಪಾಟನ್ನು ಅಡ್ಡಲಾಗಿ ಕೊಯ್ದು ಎರಡು ಪೆಟ್ಟಿಗೆ ಮಾಡಿಕೊಳ್ಳುವುದು ಉತ್ತಮ. ಬೇಕಾಗುವ ಹಲಗೆ ಬಹುಪಾಲು ಅದರಲ್ಲೇ ಇದೆ. ಎರಡರ ತಂತಿಗಳೂ ಒಂದೇ ಕ್ರಮದಲ್ಲಿರಲಿ. 1.5 ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿದಾಗ ಕೋನ್ ಮುಂದಕ್ಕೆ ಚಿಮ್ಮಿದರೆ, ಬ್ಯಾಟರಿಯ ಧನ ತುದಿ ತಾಗಿದ್ದೇ ಡ್ರೈವರಿನ ಧನ ತುದಿ. ಒಂದು ಸ್ಪೀಕರಿನ ತಂತಿ ತಿರುಗುಮುರುಗಾದರೆ ಬಾಸ್ ಮಾಯವಾಗುತ್ತದೆ.

ಪ್ರಶ್ನೆ: ಅಂಗಡಿಯ ಸ್ಪೀಕರ್‌ಗಳಲ್ಲಿ ಕೊಳವೆಯಂಥ ತೂತು ಇರುತ್ತದೆ. ನಾನೂ ಪಿವಿಸಿ ಪೈಪ್ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಅಂದಾಜಿನಲ್ಲಿ ಬೇಡ. ಆ ಕೊಳವೆಯ ಹೆಸರು ಪೋರ್ಟ್. ಅದರೊಳಗಿನ ಗಾಳಿಯ ರಾಶಿ ಪೆಟ್ಟಿಗೆಯ ಗಾಳಿಯೊಂದಿಗೆ ಸೇರಿ ಒಂದು ನಿಶ್ಚಿತ ಆವರ್ತನದಲ್ಲಿ ಕಂಪಿಸುತ್ತದೆ. 30 ಲೀಟರ್ ಪೆಟ್ಟಿಗೆಯನ್ನು 7.5 ಸೆಂ.ಮೀ. ಒಳವ್ಯಾಸದ ಪೈಪಿನಿಂದ 45 ಹರ್ಟ್ಸ್‌ಗೆ ಶ್ರುತಿ ಮಾಡಲು ಸುಮಾರು 16 ಸೆಂ.ಮೀ. ಉದ್ದ ಬೇಕು, ಅದೇ ಪೈಪು 60 ಲೀಟರಿನ ಪೆಟ್ಟಿಗೆಗೆ ಐದೂವರೆ ಸೆಂ.ಮೀ. ಸಾಕು. ಇದರಿಂದಲೇ ತಿಳಿಯುತ್ತದೆ, ಇನ್ನೊಬ್ಬರ ಅಳತೆಯನ್ನು ನಕಲು ಮಾಡಿದರೆ ಶ್ರುತಿ ಎಲ್ಲಿಗೆ ಹೋಗಬಹುದೆಂದು. ಶ್ರುತಿಗಿಂತ ಕೆಳಗಿನ ಸ್ವರಗಳಲ್ಲಿ ಕೋನಿಗೆ ಗಾಳಿಯ ಆಸರೆ ತಪ್ಪುವುದರಿಂದ ಡ್ರೈವರ್ ಹಾಳಾಗುವ ಸಂಭವವೂ ಇದೆ. ಎಫ್‌ಎಸ್ ಅನ್ನು ವಿವರಪತ್ರದಲ್ಲಿರುವ ಕ್ಯೂಇಎಸ್‌ನಿಂದ ಭಾಗಿಸಿ: 50ರ ಆಸುಪಾಸು ಬಂದರೆ ಮುಚ್ಚಿದ ಪೆಟ್ಟಿಗೆ, 100ರ ಹತ್ತಿರವೋ ಮೇಲೋ ಬಂದರೆ ಪೋರ್ಟ್ ಹೊಂದುತ್ತದೆ. ಮೊದಲ ಬಾರಿಗೆ ಮಾಡುವವರು ಮುಚ್ಚಿದ ಪೆಟ್ಟಿಗೆಯನ್ನೇ ಮಾಡಲಿ. ಅಳತೆಯ ಸಣ್ಣಪುಟ್ಟ ವ್ಯತ್ಯಾಸವನ್ನು ಅದು ಸಹಿಸಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಇದೆ. ಅದರಿಂದ ಚಿಕ್ಕ ಆಂಪ್ಲಿಫೈಯರ್ ಬೋರ್ಡನ್ನು ನಡೆಸಬಹುದೇ? ನೂರು ವಾಟ್ ಬರುತ್ತದೆಯೇ?

ಉತ್ತರ: ಬೋರ್ಡು 19 ವೋಲ್ಟ್ ತಾಳುವಂಥದ್ದಾದರೆ ಖಂಡಿತ ನಡೆಸಬಹುದು, ಖರ್ಚು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನೂರು ವಾಟ್ ಮಾತ್ರ ಬಾರದು. ಇಂಥ ಕ್ಲಾಸ್ ಡಿ ಬೋರ್ಡುಗಳಲ್ಲಿ ಹೆಚ್ಚಿನವು ಸ್ಪೀಕರಿನ ಎರಡೂ ತುದಿಗಳನ್ನು ನಡೆಸುವ ಬ್ರಿಡ್ಜ್ ಮಾದರಿಯವು. ಅವುಗಳಲ್ಲಿ 8 ಓಮ್ ಸ್ಪೀಕರಿಗೆ 12 ವೋಲ್ಟ್‌ನಿಂದ ಹೆಚ್ಚೆಂದರೆ 9 ವಾಟ್, 19 ವೋಲ್ಟ್‌ನಿಂದ ಸುಮಾರು 22 ವಾಟ್ ಸಾಧ್ಯ. ಈ ಎರಡರ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸ ನಾಲ್ಕೇ ಡೆಸಿಬೆಲ್. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಡ್ರೈವರ್ ಹತ್ತು ವಾಟಿಗೆ 98 ಕೊಡುತ್ತದೆ, ಮನೆಯ ಕೋಣೆಗೆ ಅದು ಸಾಕಷ್ಟು ಜೋರು. ಡಬ್ಬಿಯ ಮೇಲೆ ಅಚ್ಚಾದ ಪಿಎಂಪಿಒ ಎಂಬ ಸಾವಿರಗಟ್ಟಲೆ ಅಂಕಿಯನ್ನು ಓದದಿರುವುದೇ ಲೇಸು. ಎರಡು ಎಚ್ಚರಿಕೆಗಳಿವೆ: ಬ್ರಿಡ್ಜ್ ಮಾದರಿಯಲ್ಲಿ ಎಡ ಮತ್ತು ಬಲ ಸ್ಪೀಕರ್‌ಗಳ ಋಣ ತಂತಿಗಳನ್ನು ಒಂದಕ್ಕೊಂದು ಜೋಡಿಸಬಾರದು, 4 ಓಮ್ ಡ್ರೈವರ್‌ಗಳೆರಡನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುವುದರಿಂದ ಬೋರ್ಡು ಸುಡಬಹುದು.

ಪ್ರಶ್ನೆ: ಹಳೆಯ ಟಿವಿ ಅಥವಾ ವಾಲ್ವ್ ರೇಡಿಯೋದ ಮರದ ಪೆಟ್ಟಿಗೆಯನ್ನು ಹೀಗೆಯೇ ಬಳಸಬಹುದೇ?

ಉತ್ತರ: ಪೆಟ್ಟಿಗೆ ಖಾಲಿಯಾಗಿದ್ದರೆ ಬಳಸಬಹುದು; ಹಿಂಬದಿ ತೆರೆದಿರುತ್ತದೆಯಾದ್ದರಿಂದ ಮುಚ್ಚಬೇಕು, ಹಲಗೆ ತೆಳುವಿದ್ದರೆ ಆಸರೆ ಕೊಡಬೇಕು. ಒಳಗೆ ಯಂತ್ರವಿದ್ದರೆ ನೀವೇ ಬಿಚ್ಚಬೇಡಿ. ಪಿಕ್ಚರ್ ಟ್ಯೂಬ್ ಇರುವ ಟಿವಿಯಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ವಾಲ್ವ್ ರೇಡಿಯೋದ ಕೆಪಾಸಿಟರ್‌ಗಳಲ್ಲೂ ಅಪಾಯಕಾರಿ ವಿದ್ಯುತ್ ಇರಬಹುದು. ಬಲ್ಲ ಮೆಕ್ಯಾನಿಕ್ ಅದನ್ನು ಇಳಿಸಿ ಯಂತ್ರವನ್ನು ಹೊರತೆಗೆದುಕೊಟ್ಟ ಬಳಿಕವೇ ಮರಗೆಲಸ ಆರಂಭಿಸಿ. ರೇಡಿಯೋ ಇನ್ನೂ ನುಡಿಯುತ್ತಿದ್ದರೆ ಅದನ್ನು ಒಡೆಯದೆ ಬೇರೆ ಪೆಟ್ಟಿಗೆ ಹುಡುಕಿಕೊಳ್ಳಿ ಎಂಬುದು ನನ್ನ ಸಲಹೆ.