ಬೇರು ಕಳೆದುಕೊಂಡ ‘ಕೊಮೇರ್’

ಸ್ಪ್ಯಾನಿಶ್ ಕಲಿಯುತ್ತಿರುವ ಓದುಗರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ‘ಕೊಮೇರ್ ಅಂದರೆ ತಿನ್ನು. ಲ್ಯಾಟಿನ್ನಿನಲ್ಲಿ ಕೊಮ್ ಅಂದರೆ ಜೊತೆಗೆ. ಹಾಗಾದರೆ ಒಟ್ಟಿಗೆ ಕೂತು ಉಣ್ಣುವುದು ಅಂತಲೇ ಅದರ ಮೂಲ ಅರ್ಥವಾ? ಇಂಗ್ಲಿಷಿನ ಕಮ್‌ಗೂ ನಂಟಿದೆಯಾ?’ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ. ಇಲ್ಲ, ಸುಮ್ನೆ ಸದ್ದು ಒಂದೇ ಥರ ಅಷ್ಟೇ.

ಮೊದಲನೆಯದು ಮಜವಾಗಿದೆ. ಲ್ಯಾಟಿನ್ನಿನಲ್ಲಿ ತಿನ್ನು ಅನ್ನುವುದಕ್ಕೆ ‘ಎಡೆರೆ’ ಅಂತಿತ್ತು. ಅದರಲ್ಲಿ ‘ಏಸ್ತ್’ ಅಂದರೆ ತಿನ್ನುತ್ತಾನೆ, ‘ಎಸ್ತ್’ ಅಂದರೆ ಇದ್ದಾನೆ. ಇಷ್ಟು ಪುಟಾಣಿ ಪದ, ಅದೂ ಬರೀ ಹ್ರಸ್ವ ದೀರ್ಘದ ಮೇಲೆ ನಿಂತಿದ್ದು, ಎಷ್ಟು ದಿನ ತಾಳೀತು? ಜನ ಮುಂದೆ ‘ಕೊಮ್’ ಸೇರಿಸಿದ ‘ಕೊಮೆಡೆರೆ’ಯನ್ನೇ ಜಾಸ್ತಿ ಹಿಡಿದುಕೊಂಡರು. ಇಲ್ಲಿ ‘ಕೊಮ್’ ಅಂದರೆ ಜೊತೆಗೆ ಅಲ್ಲ, ಪೂರ್ತಿಯಾಗಿ ಅಂತ. ನಾವು ‘ತಿಂದುಬಿಡು’ ಅನ್ನುತ್ತೇವಲ್ಲ, ಹಾಗೆ. (ಜೊತೆಗೆ ಉಣ್ಣುವ ಪದ ಬೇಕಿದ್ದರೆ ‘ಕೊಂಪಾನ್ಯೇರೊ’ ಇದೆ, ಗೆಳೆಯ ಅಂತ. ಅದರೊಳಗಿರುವ ‘ಪಾನಿಸ್’ ಅಂದರೆ ರೊಟ್ಟಿ.)

ಆಮೇಲೆ ಸ್ಪೇನಿನವರ ಬಾಯಲ್ಲಿ ಎರಡು ಸ್ವರಗಳ ನಡುವಿನ ‘ಡ’ ಎಷ್ಟೋ ಪದಗಳಲ್ಲಿ ಬಿದ್ದುಹೋಯಿತು. ನೋಡು ಅನ್ನುವ ‘ವಿಡೇರೆ’ ‘ವೇರ್’ ಆಯಿತು, ‘ಕೊಮೆಡೆರೆ’ ‘ಕೊಮೇರ್’ ಆಯಿತು. ಈಗ ಬಿಡಿಸಿ ನೋಡಿ: ‘ಕೊಮ್’ ಉಪಸರ್ಗ, ‘ಏರ್’ ಪ್ರತ್ಯಯ, ತಿನ್ನು ಅನ್ನುವ ಧಾತು ಎಲ್ಲೂ ಇಲ್ಲ! ‘ತಿಂದುಬಿಡು’ವಿನಲ್ಲಿ ‘ತಿಂದು’ ಹೋಗಿ ‘ಬಿಡು’ ಅಂದರೇ ತಿನ್ನು ಅಂತಾದ ಹಾಗೆ. ನನಗಂತೂ ಇದಕ್ಕಿಂತ ಚೆಂದದ ಉದಾಹರಣೆ ಸಿಕ್ಕಿಲ್ಲ.

ಪೋರ್ಚುಗೀಸರದೂ ‘ಕೊಮೇರ್’ ತಾನೇ. ಆದರೆ ಫ್ರೆಂಚರ ‘ಮಾಂಜೆ’, ಇಟಲಿಯವರ ‘ಮಾಂಜಾರೆ’ ಬೇರೆ ಮನೆಯವು. ಅವು ಜಗಿಯುವುದು ಅನ್ನುವ ‘ಮಾಂಡುಕಾರೆ’ಯಿಂದ ಬಂದವು.

ಕಳೆದುಹೋದ ಆ ಧಾತುವಿನ ನೆಂಟರು ಇಂಗ್ಲಿಷಿನ ‘ಈಟ್’, ಸಂಸ್ಕೃತದ ‘ಅದ್’. ಆ ‘ಅದ್’ನಿಂದಲೇ ‘ಅನ್ನ’ ಬಂತು, ಅಂದರೆ ತಿನ್ನುವಂಥದ್ದು. ‘ಅದ್ಯತೇ’, ತಿನ್ನಲ್ಪಡುತ್ತದೆ, ಅದಕ್ಕೇ ಅನ್ನ ಅಂತ ತೈತ್ತಿರೀಯ ಉಪನಿಷತ್ತೂ ಹೇಳುತ್ತದೆ. ಅಲ್ಲೂ ‘ದ’ ಕರಗಿದೆ ನೋಡಿ, ಆದರೆ ‘ಅ’ ಆದರೂ ಉಳಿದಿದೆ. ನಮ್ಮ ‘ತಿನ್ನು’, ‘ಉಣ್ಣು’ ದ್ರಾವಿಡ ಪದಗಳು, ಅವಕ್ಕೂ ಈ ಬಳಗಕ್ಕೂ ಸಂಬಂಧವಿಲ್ಲ.

ಸಂಬಂಧವಿಲ್ಲ ಅಂದೆ, ಆದರೂ ಒಂದು ಮಾತು. ‘ಕೊಮೇರ್’ ಬಳಗದ್ದೇ ‘ಕೊಮೆಸೋನ್’ ಅಂತ ಪದವಿದೆ, ತುರಿಕೆ ಅಂತ ಅರ್ಥ. ಚರ್ಮವನ್ನು ಏನೋ ತಿನ್ನುತ್ತಿದೆ ಅನ್ನುವ ಲೆಕ್ಕ. ಉತ್ತರ ಕರ್ನಾಟಕದ ಕಡೆ ಮೈ ತುರಿಸಿದರೆ ಏನನ್ನುತ್ತಾರೆ ಹೇಳಿ? ತಿಂಡಿ!