ಸ್ಕಾಲರ್‌ಶಿಪ್ ಬಂದಿತ್ತು, ಪಾಸ್‌ಬುಕ್‌ಗೆ ಬಂದಿರ್ಲಿಲ್ಲ

(ಯಾರು ಅಂತ ಗೊತ್ತಾಗ್ದೆ ಇರ್ಲಿ ಅಂತ ಊರು, ಕೋರ್ಸು ಬದಲಿಸಿದ್ದೀನಿ.)

ಜನವರಿ, ರೋಬಸ್ಟಾ ಕಾಫಿ ಕುಯ್ಲಿನ ಟೈಮು. ಬಿಕಾಂ ಎರಡನೇ ವರ್ಷದ ಹುಡುಗಿ, ಸಿದ್ದಾಪುರ ಕಡೆ ತೋಟದ ಕೂಲಿಯವ್ರ ಲೈನ್ ಮನೆಯವ್ಳು, ಓದಿದ್ದು ತಲೆಗೆ ಹತ್ತಲ್ಲ ಮೇಡಂ, ರಾತ್ರಿ ನಿದ್ದೆ ಇಲ್ಲ ಅಂತ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ಲು. ಡಿಪ್ರೆಷನ್ ಇರ್ಬೋದು ಅಂತ ಲೆಕ್ಚರರ್ ಕಳಿಸಿದ್ರು, ಮೊದಲ ಅರ್ಧ ಗಂಟೆ ನಾನೂ ಅದೇ ದಾರಿ ಹಿಡಿದೆ, ಊಟ ಹೇಗೆ, ಸಾಯ್ಬೇಕು ಅನ್ಸುತ್ತಾ ಅಂತೆಲ್ಲಾ ಕೇಳ್ದೆ, ಇಲ್ಲ ಇಲ್ಲ ಅಂದ್ಲು. ಆಮೇಲೆ ಕೈ ನೋಡ್ದೆ. ಬೆರಳ ತುದಿ ಪೂರ್ತಿ ಕಪ್ಪು, ಕಾಫಿ ಹಣ್ಣಿನ ಕಲೆ ಸೋಪಿಗೆ ಹೋಗಲ್ವಲ್ಲ. ಕ್ಲಾಸ್ ಬಿಟ್ಟು ಕುಯ್ಯಕ್ಕೆ ಹೋಗ್ತಿದ್ದೀಯಾ ಅಂದಿದ್ದೇ ತಡ, ಅಳು ಶುರು.

ವಿಷಯ ಇಷ್ಟು. ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ಲು, ಗೆಳತಿಯರಿಗೆಲ್ಲಾ ದುಡ್ಡು ಬಂತು, ಇವಳ ಪಾಸ್‌ಬುಕ್ ಖಾಲಿ. ಪಕ್ಕದ ಲೈನ್‌ನವ್ರು ನಮ್ಮ ಮಗಳಿಗೆ ಬಂತಪ್ಪ ಅಂದ್ರಂತೆ, ಅಪ್ಪ ಬಂದು ನಿನ್ನ ದುಡ್ಡು ಏನು ಮಾಡ್ದೆ ಅಂತ ಕೇಳಿದ್ರು. ಅಷ್ಟರಲ್ಲಿ ಇವಳು ಹಳೇ ಫೋನೊಂದು ತಗೊಂಡಿದ್ಲು, ಸಾಕಲ್ಲ ಅನುಮಾನಕ್ಕೆ. ವಾದ ಮಾಡೋದು ಬಿಟ್ಟು, ಅಷ್ಟು ದುಡ್ಡು ಕೂಡಿಸಿ ತಗೋ ಸ್ಕಾಲರ್‌ಶಿಪ್ ಅಂತ ಅಪ್ಪನ ಕೈಗಿಡೋಣ ಅಂತ ವಾರಕ್ಕೆ ಎರಡು ದಿನ ಕುಯ್ಲಿಗೆ ಹೋಗ್ತಿದ್ಲು. ಇದನ್ನ ಏಕಾಗ್ರತೆ ಸಮಸ್ಯೆ ಅಂತ ಬರ್ಕೊಂಡಿದ್ದೆ ನಾನು!

ಸರ್ಕಾರದ ದುಡ್ಡು ಯಾವ ಖಾತೆಗೆ ಹೋಯ್ತು ಅಂತ ತೋರಿಸೋ ಡಿಬಿಟಿ ಕರ್ನಾಟಕ ಆಪ್ ತೆಗೆಸ್ದೆ. ದುಡ್ಡು ಜಮಾ ಆಗಿದೆ, ಆದ್ರೆ ಬ್ಯಾಂಕ್ ಬೇರೆ. ಹಿಂದಿನ ವರ್ಷ ಸಂತೆಯಲ್ಲಿ ಛತ್ರಿ ಕೆಳಗೆ ಕೂತು ಸಿಮ್ ಮಾರೋರ ಹತ್ರ ಎರಡು ಸಲ ಬೆರಳು ಒತ್ತಿದ್ದು ನೆನಪಾಯ್ತು ಅವಳಿಗೆ. ಒಂದು ಸಿಮ್‌ಗೆ, ಇನ್ನೊಂದು ಅವಳಿಗೆ ಗೊತ್ತಿಲ್ದೆ ತೆರೆದ ಖಾತೆಗೆ.

ಪಾಸ್‌ಬುಕ್‌ಗೆ ಆಧಾರ್ ಕೊಟ್ಟಿದ್ದೀನಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಅದು ಕೆವೈಸಿ, ಬರೀ ಗುರುತಿನ ದಾಖಲೆ, ಬೇರೆ ಕತೆ. ಈ ಸ್ಕಾಲರ್‌ಶಿಪ್ ದುಡ್ಡು ಖಾತೆ ನಂಬರ್ ನೋಡಿ ಬರಲ್ಲ, ಎನ್‌ಪಿಸಿಐ (ಬ್ಯಾಂಕ್‌ಗಳ ಮಧ್ಯೆ ದುಡ್ಡು ಸಾಗಿಸೋ ಸಂಸ್ಥೆ) ಮ್ಯಾಪಿಂಗ್‌ನಲ್ಲಿ ಆಧಾರ್‌ಗೆ ಕೊನೆಗೆ ಯಾವ ಬ್ಯಾಂಕ್ ಸೇರಿದೆಯೋ ಅಲ್ಲಿಗೆ ಹೋಗುತ್ತೆ, ಒಂದು ಸಲಕ್ಕೆ ಒಂದೇ ಬ್ಯಾಂಕ್. ಮೈ ಆಧಾರ್ ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತಿದೆ, ಆಧಾರ್‌ಗೆ ಈಗ ಯಾವ ಬ್ಯಾಂಕ್ ಸೇರಿದೆ ಅಂತ ತೋರಿಸುತ್ತೆ, ಎರಡು ನಿಮಿಷದ ಕೆಲ್ಸ.

ನಾನು ಹೇಳಿದ್ದು, ಮೊದಲು ನಿನ್ನ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಬರೆದುಕೊಡು, ಬಾಯಲ್ಲಿ ಹೇಳಿ ಬರ್ಬೇಡ, ಸ್ವೀಕೃತಿ ಸೀಲ್ ಹಾಕಿಸ್ಕೋ. ಅರ್ಜೆಂಟ್ ಯಾಕಂದ್ರೆ 2021ರಿಂದ ಈ ಸ್ಕಾಲರ್‌ಶಿಪ್‌ನಲ್ಲಿ 100ಕ್ಕೆ 40 ರಾಜ್ಯದ್ದು, 60 ಕೇಂದ್ರದ್ದು, ಅವಳಿಗೆ ಬಂದಿದ್ದು ರಾಜ್ಯದ ಪಾಲು ಮಾತ್ರ, ದೊಡ್ಡ ಪಾಲು ಇನ್ನೂ ಬರ್ಬೇಕು. ಫೀಸಿನ ದುಡ್ಡೂ ಈಗ ಮಕ್ಕಳ ಖಾತೆಗೇ ಬಂದು ಅವರೇ ಕಾಲೇಜಿಗೆ ಕಟ್ಬೇಕು, ಅದಕ್ಕೇ ಕಾಲೇಜು ಆಫೀಸಿನವ್ರು ಬೆನ್ನು ಬೀಳೋದು. ಸಂತೆಯಲ್ಲಿ ತೆರೆದ ಆ ಖಾತೆಯ ದುಡ್ಡು ಅಂಚೆ ಕಚೇರಿಯಲ್ಲೂ ಬೆರಳಚ್ಚು ಕೊಟ್ಟು ತೆಗಿಬೋದು ಅಂದೆ. ಹೋದ್ಲು, ಮೂರು ಸಲ ಬೆರಳು ತಗೊಳ್ಲಿಲ್ಲ ಮಿಷನ್ನು, ಕುಯ್ದು ಕುಯ್ದು ಗೆರೆಗಳೇ ಸವೆದಿದ್ವು! ವಾರ ರಜೆ ಕೊಟ್ಟು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಕಿರುಬೆರಳು ಇಟ್ಟಾಗ ಆಯ್ತು.

ಇದು ಸುಲಭದ ಭಾಗ. ಅಪ್ಪನ್ನ ಕರ್ಕೊಂಡು ಬಾ ಅಂದ್ರೆ ಬೇಡ ಅಂತ ಹಟ. ನೀನು ದುಡಿದ ದುಡ್ಡನ್ನ ಸ್ಕಾಲರ್‌ಶಿಪ್ ಅಂತ ಕೊಟ್ರೆ ಈ ಅನುಮಾನ ಮುಂದಿನ ವರ್ಷವೂ ಬರುತ್ತೆ, ಆಗ ಏನು ಕುಯ್ತೀಯಾ ಅಂದೆ. ಸ್ವಲ್ಪ ಒರಟಾಯ್ತು ಅನ್ಸಿತ್ತು, ಆದ್ರೆ ನಕ್ಕಳು. ಅಪ್ಪ ಬಂದ್ರು, ಓದಕ್ಕೆ ಬರಲ್ಲ ಅವ್ರಿಗೆ. ಆಪ್ ಪರದೆ ತೋರಿಸಿ, ಪಾಸ್‌ಬುಕ್ ಪಕ್ಕಕ್ಕಿಟ್ಟು, ಕೊನೇ ನಾಲ್ಕು ಅಂಕಿ ಅವ್ರಿಂದ್ಲೇ ಒಂದೊಂದಾಗಿ ಹೋಲಿಸಿ ನೋಡಿಸ್ದೆ. ಬೇರೆ ಬೇರೆ ಇದೆ ಅಂದ್ರು. ಸುಮಾರು ಹೊತ್ತು ಸುಮ್ನಿದ್ದು, ಆ ಸಂತೆಗೆ ನಾನೇ ಕರ್ಕೊಂಡು ಹೋಗಿದ್ದೆ ಮೇಡಂ ಅಂದ್ರು.

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಆದ್ಮೇಲೆ ಒಮ್ಮೆ ಬಂದಿದ್ಲು. ಕೇಂದ್ರದ ಪಾಲು ಇನ್ನೂ ಬಂದಿಲ್ಲ, ಸೀಡಿಂಗ್ ಮಾತ್ರ ಅವಳ ಬ್ಯಾಂಕ್ ಹೆಸರೇ ತೋರಿಸ್ತಿದೆ. ನಿದ್ದೆ ಬರುತ್ತಾ ಅಂದೆ. ಬರುತ್ತೆ ಮೇಡಂ, ಕ್ಲಾಸಲ್ಲೂ ಬರುತ್ತೆ ಅಂದ್ಲು.